ದಕ್ಷಿಣದ ಗೋಡೆ

ಫಾಸ್ಟರ್ ಸಿಟಿ
೧೪ ಮಾರ್ಚ್ ೨೦೨೫

ಗುರುಕಿರಣ ಅವರಿಗೆ,

ಬೇರೆಯಾಗಿ ಹತ್ತು ತಿಂಗಳಾಯಿತು. ಏನೆಂದು ಕರೆಯಲಿ ಎಂದು ತೋಚದೆ ಪೂರ್ತಿ ಹೆಸರು ಬರೆದಿದ್ದೇನೆ, ನಗಬೇಡಿ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದ.

ಹೊಸ ಮನೆಯ ಪ್ಲ್ಯಾನು ಬಂತು. ಸುಟ್ಟುಹೋದ ಮನೆಯನ್ನೇ ಆರ್ಕಿಟೆಕ್ಟ್ ಗಾರ್ಗಿ ಮತ್ತೆ ಬರೆದುಕೊಟ್ಟಿದ್ದಾಳೆ. ಅದೇ ಇಳಿಜಾರು ಮಾಡು, ಅದೇ ದುಂಡು ಮೂಲೆ, ಗೋಡೆಯ ತುಂಬ ಹಂಚಿನಂತೆ ಒಂದರ ಮೇಲೊಂದು ಹೊದಿಸಿದ ಅದೇ ಶಿಂಗಲ್ಲು. ಕಟ್ಟಿಗೆಯ ಬದಲು ಸಿಮೆಂಟಿನದು, ಅಷ್ಟೆ. ಹಳೆಯ ಮನೆಯನ್ನು ಮೊದಲ ಸಲ ನೋಡಿದಾಗ ಅತ್ತೆ, "ಏನವಾ, ಗ್ವಾಡಿಗೂ ಹಂಚ್ ಹೊಚ್ಚೀರಲ್ಲ!" ಎಂದು ನಕ್ಕಿದ್ದು ನೆನಪಾಯಿತು.

ಪ್ಲ್ಯಾನಿನಲ್ಲಿ ಅತ್ತೆಯ ಕೋಣೆಯ ಮೇಲೆ ಈಗ ನಮ್ಮ ಮಗಳು ಸ್ನೇಹಲ್‌ಳ ಹೆಸರಿದೆ. ದಕ್ಷಿಣದ ಗೋಡೆಗೆ ಈ ಸಲವೂ ಬಾಗಿಲಿಲ್ಲ. ಪಕ್ಕದಲ್ಲಿ ನಿಮ್ಮ ಅಕ್ಷರ: ಯಮನ ದಿಕ್ಕಿಗೆ ಬಾಗಿಲು ಬೇಡ ಎಂದು ಅವ್ವ ಹೇಳಿದ್ದಳು, ಹಾಗೇ ಇರಲಿ.

ಹಾಗೇ ಇರಬಾರದು, ಗುರು. ಗರಾಜಿಗೆ ಬೆಂಕಿ ಹತ್ತಿ ಕಾರಿಡಾರಿನಲ್ಲಿ ಹೊಗೆ ತುಂಬಿದಾಗ ಅತ್ತೆಗೆ ಉಳಿದದ್ದು ಪೂರ್ವದ ಕಿಟಕಿಯೊಂದೇ. ಅವರ ಮೊಣಕಾಲು ಕೇಳಲಿಲ್ಲ. ಕಿಟಕಿಯ ಕೆಳಗೇ ಸಿಕ್ಕರು, ಸ್ಟೂಲು ಎಳೆದುಕೊಂಡಿದ್ದರು. ಮಣ್ಣಿಗೆ ಬಂದವರು ಮುದುಕಿ ತನ್ನ ವಾಸ್ತುವಿನಿಂದಲೇ ಸತ್ತಳು ಎಂದಾಗ ನೀವು ಅವರ ಮೈಮೇಲೆ ಹೋದಿರಿ. ನಾನು ಸುಮ್ಮನೆ ನಿಂತಿದ್ದೆ. ಅವ್ವನ ಮಾತು ಉಳಿಸುವ ಹಠಕ್ಕೇ ಈ ಗೋಡೆಯನ್ನು ಹೀಗೆ ಬರೆಸಿದ್ದೀರೆಂದು ನನಗೆ ಗೊತ್ತು.

ಸ್ನೇಹಲ್‌ಗೆ ಹನ್ನೆರಡು, ಕಿಟಕಿ ಹಾರುತ್ತಾಳೆ ಅನ್ನಬೇಡಿ. ಹೊಗೆ ವಯಸ್ಸು ನೋಡುವುದಿಲ್ಲ. ಬಾಗಿಲು ಬರಬೇಕಾದ ಕಡೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ. ಅದಿಲ್ಲದೆ ನಾನು ಸಹಿ ಹಾಕುವುದಿಲ್ಲ.

ಬಿಟ್ಟು ಯಾಕೆ ಹೋದೆ ಎಂದು ಪ್ರತಿ ಸಲ ಕೇಳುತ್ತೀರಿ. ನಿಮ್ಮ ಮುಖ ನೋಡಲಾಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಶೀತಲ್

ತಾ.ಕ.: ಅಂಟಿಸಿದ ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ. ಬಾಗಿಲು ಬೇಡ ಎಂದದ್ದು ಅತ್ತೆಯಲ್ಲ, ನಾನು. ರಸ್ತೆಗೆ ಕಾಣುವ ಆ ಗೋಡೆ ಎಲ್ಲೂ ಕಡಿಯದೆ ಉದ್ದಕ್ಕೂ ಶಿಂಗಲ್ಲೇ ಇರಬೇಕೆಂಬ ಹುಚ್ಚು ನನಗಿತ್ತು. ಚಂದಕ್ಕೆ ಎಂದರೆ ನೀವು ಒಪ್ಪುತ್ತಿರಲಿಲ್ಲ, ಅವ್ವನ ಮಾತೆಂದರೆ ಎದುರಾಡುವವರಲ್ಲ. ನಿಮಗೆ ಅವರ ಹೆಸರು ಹೇಳಿದೆ, ಅವರಿಗೆ ಬಾಗಿಲು ಆಗುವುದಿಲ್ಲವಂತೆ ಎಂದು ಗಾರ್ಗಿಯ ಹೆಸರು ಹೇಳಿದೆ. ಇಬ್ಬರೂ ನಂಬಿದಿರಿ. ಅತ್ತೆ ನನ್ನನ್ನು ಕೇಳಿದ್ದು ಇಷ್ಟೇ: "ನನ್ನ ಖೋಲಿಗೆ ಒಂದ್ ಬಾಗಲಾ ಇಡಸವಾ, ಥಂಡ್ಯಾಗ ಬಿಸಲಿಗೆ ಕುಂದ್ರತೀನಿ."