ಷೇರು ಮಲ್ಲಪ್ಪನವರ ಸಹಿ

ಪ್ರೀತಿಯ ದೊಡ್ಡಪ್ಪಾ,

ನಿಮ್ಮ ಗಿರಿಜೆಯ ಶರಣು. ಹೇಗಿದ್ದೀರಿ ಎಂದು ಕೇಳುವ ಹಾಗಿಲ್ಲ, ನಾವು ಹೇಗಿದ್ದೇವೆ ಎಂದು ಹೇಳಲು ಮನಸ್ಸಿಲ್ಲ. ಆದರೂ ಒಂದು ಸುದ್ದಿ ಇದೆ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಷೇರು ಎಂದರೆ ನಮ್ಮ ಶಾಲೆಯ ಮೇಷ್ಟರುಗಳಿಗೆ ಇವತ್ತಿಗೂ ಇಸ್ಪೀಟು ಆಡಿದ ಹಾಗೆಯೇ.

ಅಮೃತಮಹಲ್ ಕರುಗಳ ಹರಾಜಿಗೆ ನನ್ನನ್ನು ಕರೆದುಕೊಂಡು ಹೋಗಿದ್ದಿರಲ್ಲ, ನೆನಪಿದೆಯೇ? ಅಜ್ಜಂಪುರದ ಶಾಲೆಯಲ್ಲಿ ಕೆಲಸ ಸಿಕ್ಕಿ ನನಗೆ ಮೊದಲ ಸಂಬಳ ಬಂದಿತ್ತು. ಷೇರು ಕೊಳ್ಳುವುದು ಹೇಗೆಂದು ಹೇಳಿಕೊಡಿ ಎಂದು ನಾನು ಕೇಳಿದರೆ ನೀವು ಕರು ತೋರಿಸಲು ಹೊರಟಿರಿ. ಮೈ ಮಿರಿಮಿರಿ ಮಿಂಚುವ ಒಂದು ಕರುವಿಗಾಗಿ ಜನ ಗಂಟಲು ಹರಿಯುವಂತೆ ಕೂಗುತ್ತಿದ್ದರು. ನೀವು ಮಾತ್ರ ಕೈಕಟ್ಟಿ ನಿಂತಿದ್ದಿರಿ. "ಎಲ್ರೂ ಕೂಗ್ತಿದಾರೆ ಅಂದ್ರೆ ನಾವು ಬಾಯ್ಮುಚ್ಕಂಡು ಇರ್ಬೇಕು ಕಣೇ. ಕರು ನೋಡಿ ಮರುಳಾಗ್ಬೇಡ, ಅದರ ತಾಯಿ ಯಾವ್ದು ಅಂತ ಕೇಳು. ಕಂಪನಿನೂ ಅಷ್ಟೇಯ. ಅದನ್ನ ನಡೆಸೋರು ಎಂಥೋರು ಅಂತ ಮೊದ್ಲು ನೋಡು, ರೇಟು ಆಮೇಲೆ" ಎಂದಿರಿ. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಆದರೂ ಅವತ್ತಿನ ಆ ಪಾಠವನ್ನು ನಾನು ಮರೆತಿಲ್ಲ.

ವಿದೇಶಿ ಕಂಪನಿಗಳು ತಮ್ಮ ಷೇರುಗಳನ್ನು ನಮ್ಮ ಜನಕ್ಕೂ ಮಾರಲೇಬೇಕೆಂದು ಸರ್ಕಾರ ಪಟ್ಟು ಹಿಡಿದ ಆ ವರ್ಷಗಳಲ್ಲಿ ನೀವು ತೆಂಗಿನ ತೋಟ ಮಾರಿ ಅರ್ಜಿ ಹಾಕಿದಿರಿ. ಊರೆಲ್ಲ ನಕ್ಕಿತು. ಇದ್ದ ಷೇರಿನ ಮೇಲೆ ಪುಕ್ಕಟೆಯಾಗಿ ಬೋನಸ್ ಷೇರು ಬರತೊಡಗಿದ ಮೇಲೆ ಆ ನಕ್ಕವರೇ ನಿಮ್ಮ ಜಗಲಿಯ ಮೇಲೆ ಬಂದು ಕೂತರು. ಕಡೂರಿನಿಂದ, ತರೀಕೆರೆಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಮಲ್ಲಪ್ಪ ಹೋಗಿ ಷೇರು ಮಲ್ಲಪ್ಪನವರಾದಿರಿ. ಎಷ್ಟು ಬೀಗಿದಿರಿ ನೀವು! "ಸಾಲ ಮಾಡಿ ಕೊಳ್ಬೇಡಿ. ಕೊಂಡ್ಮೇಲೆ ದಿನಾ ಹೋಗಿ ಮೈ ಸವರಿ ನೋಡ್ಬೇಡಿ. ಒಳ್ಳೇದನ್ನ ಯಾವತ್ತೂ ಮಾರ್ಬೇಡಿ" ಎಂದು ಬಂದವರಿಗೆಲ್ಲ ಉಪದೇಶ. ಕಾಫಿ ಲೋಟ ಇಟ್ಟು ಒಳಗೆ ಹೋಗುವಾಗ ದೊಡ್ಡಮ್ಮ, "ಮಾರ್ಲೇಬಾರ್ದು ಅಂದ್ರೆ ಮತ್ತೆ ಕೊಳ್ಳೋದಾದ್ರೂ ಯಾಕೋ" ಎಂದು ಗೊಣಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಬೆಳಗ್ಗೆ ನೀವು ರೈಲಿನಲ್ಲಿ ಬರುವ ಪೇಪರಿಗಾಗಿ ಸ್ಟೇಷನ್ನಿಗೆ ಹೋಗಿದ್ದಿರಿ. ನಾನು ಓಡಿ ಬಂದಾಗ ಬೆಂಚಿನ ಮೇಲೆ ಒಂದು ಕಡೆ ವಾಲಿಕೊಂಡಿದ್ದಿರಿ. ಲಕ್ವ ಹೊಡೆದಿತ್ತು. ಬಲಗೈ ಹೋಗಿತ್ತು, ಮಾತು ತೊದಲುತ್ತಿತ್ತು. ತರೀಕೆರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಬೆಂಗ್ಳೂರಿಗೆ ಕರ್ಕೊಂಡ್ ಹೋಗಮ್ಮಾ, ತಡ ಮಾಡ್ಬೇಡ. ಇನ್ನೊಂದ್ಸಲ ಹೊಡೆದ್ರೆ ನಮ್ ಕೈಲಿಲ್ಲ" ಎಂದರು. ಅಷ್ಟು ದೊಡ್ಡ ಖರ್ಚಿಗೆ ಷೇರು ಬಿಟ್ಟರೆ ನಿಮ್ಮ ಬಳಿ ಇನ್ನೇನಿತ್ತು? ಸಾಲ ಕೇಳಲು ಹೋದರೆ ಜಗಲಿಯ ಮೇಲೆ ಕೂತಿದ್ದವರೇ, "ಷೇರು ಮಲ್ಲಪ್ಪನೋರಿಗೆ ನಾವು ಸಾಲ ಕೊಡೋದಾ? ತಮಾಷೆ ಮಾಡ್ಬೇಡಮ್ಮಾ" ಎಂದರು. ನನ್ನ ಹತ್ತಿರವಿದ್ದ ಒಂದಿಷ್ಟು ಷೇರು ಮಾರಿದ್ದು ಔಷಧಿಗೇ ಮುಗಿದುಹೋಯಿತು. ಕೊನೆಗೆ ನೀವೇ, ಜನ್ಮದಲ್ಲಿ ಮೊದಲ ಸಲ, "ಮಾ... ರು" ಎಂದಿರಿ. ಅಷ್ಟು ಹೇಳಲು ನೀವು ಪಟ್ಟ ಪಾಡು ನೋಡಿ ದೊಡ್ಡಮ್ಮ ಒಳಗೆ ಎದ್ದು ಹೋದರು.

ಮಾರಬೇಕಾದರೆ ಸಹಿ ಬೇಕಲ್ಲ. ಎಂಥ ಸಹಿ ನಿಮ್ಮದು! ಕೊನೆಯ ಅಕ್ಷರದಿಂದ ಬಾಲ ಎಳೆದು, ಹೆಸರಿನ ಅಡಿಯಲ್ಲಿ ಸುತ್ತಿ ತಂದು, ಎರಡು ಚುಕ್ಕೆ ಇಡುತ್ತಿದ್ದಿರಿ. ಎಡಗೈಯಲ್ಲಿ ಹಾಕಿದ್ದು ಕೋಳಿ ಕೆದರಿದ ಹಾಗಿತ್ತು. ತಮ್ಮಲ್ಲಿರುವ ಹಳೆಯ ಸಹಿಗೆ ಹೊಂದುವುದಿಲ್ಲ ಎಂದು ಕಂಪನಿ ಕಾಗದ ವಾಪಸು ಕಳಿಸಿತು. ಬ್ಯಾಂಕಿನ ಮ್ಯಾನೇಜರು, ಇದು ಇವರದೇ ಸಹಿ, ನನ್ನೆದುರು ಹಾಕಿದ್ದು ಎಂದು ಮೊಹರು ಒತ್ತಿಕೊಟ್ಟರು. ಅದೂ ವಾಪಸು ಬಂತು. ಹೆಬ್ಬೆಟ್ಟಾದರೂ ಒತ್ತಿಸೋಣವೆಂದರೆ, ಸಹಿ ಕೊಟ್ಟು ಕೊಂಡವರಿಗೆ ಅದು ನಡೆಯುವುದಿಲ್ಲವಂತೆ. ಒತ್ತೆ ಇಡೋಣವೆಂದರೆ ಅದಕ್ಕೂ ಅದೇ ಸಹಿ ಬೇಕು. ತಾಯಿ ನೋಡಿ, ತಳಿ ನೋಡಿ ಆರಿಸಿ ತಂದ ಷೇರುಗಳು ಪೆಟ್ಟಿಗೆಯಲ್ಲಿ ಬೆಳೆಯುತ್ತಲೇ ಇದ್ದವು, ನೀವು ಮಂಚದ ಮೇಲೆ...

ನಾನು ಶಾಲೆಯಿಂದ ಸ್ಲೇಟು ತಂದ ದಿನ ನೀವು ಮುಖ ತಿರುಗಿಸಿಕೊಂಡಿರಿ. ನನಗೆ ಪಾಠ ಹೇಳಿದವರ ಎಡಗೈ ಹಿಡಿದು ಅವರ ಹೆಸರನ್ನೇ ತಿದ್ದಿಸುವುದು ನನಗೇನು ಸುಲಭವಾಗಿತ್ತೇ? ಮೊದಲ ಅಕ್ಷರಕ್ಕೇ ಬಳಪ ಜಾರಿ ಬೀಳುತ್ತಿತ್ತು. ಸಿಟ್ಟಿಗೆ ಒಮ್ಮೆ ಸ್ಲೇಟನ್ನು ತಳ್ಳಿಬಿಟ್ಟಿರಿ, ಆಮೇಲೆ ನೀವೇ ಅದನ್ನು ತೋರಿಸಿ ಕೇಳಿದಿರಿ. ಹಾಗೂ ಹೀಗೂ ಒಂದು ದಿನ ಬಾಲವೂ ಬಂತು, ಚುಕ್ಕೆಯೂ ಬಿತ್ತು. ಅರ್ಧ ಬಾಯಲ್ಲೇ ನಕ್ಕಿರಿ. ಅದೇ ಕೈಯಲ್ಲಿ ಫಾರಂಗೆ ಸಹಿ ಹಾಕಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಈ ಸಲ ಆಗುತ್ತದೆ ಎಂದು ನನಗೂ ಅನಿಸಿತ್ತು ದೊಡ್ಡಪ್ಪಾ. ಅಂಚೆಯವನ ಗಂಟೆ ಕೇಳಿದರೆ ನೀವು ಬಾಗಿಲ ಕಡೆ ನೋಡುತ್ತಿದ್ದಿರಿ. ಆದರೆ ಡಾಕ್ಟರು ಹೆದರಿದ್ದ ಆ ಇನ್ನೊಂದು ಏಟು ಅಂಚೆಗಿಂತ ಮೊದಲೇ ಬಂದುಬಿಟ್ಟಿತು. ಸಹಿ ಹೊಂದುವುದಿಲ್ಲ ಎಂಬ ಅದೇ ಉತ್ತರ ಬಂದಾಗ ನೀವಿರಲಿಲ್ಲ, ನಿಮ್ಮ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು.

ಈಗ ಸುದ್ದಿ ಹೇಳುತ್ತೇನೆ. ಮಕ್ಕಳಿಲ್ಲದ ನಿಮಗೆ ದೊಡ್ಡಮ್ಮನೇ ವಾರಸುದಾರರೆಂದು ಕೋರ್ಟು ಬರೆದುಕೊಟ್ಟಿತು, ಷೇರೆಲ್ಲ ಅವರ ಹೆಸರಿಗಾದವು, ಸಹಿ ಮಾಡಲು ಬಾರದ ಅವರ ಹೆಬ್ಬೆಟ್ಟೇ ಕಂಪನಿಯ ದಾಖಲೆಗೂ ಸೇರಿತು. ಹೋದ ತಿಂಗಳು ತರೀಕೆರೆಯಲ್ಲಿ ಮ್ಯಾಜಿಸ್ಟ್ರೇಟ್ ಸಾಹೇಬರ ಎದುರು ಅವರು ಮಾರುವ ಫಾರಂಗೆ ಹೆಬ್ಬೆಟ್ಟು ಒತ್ತಿದರು. ಕಂಪನಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದುಡ್ಡು ಬಂದಿದೆ. ಬೆಂಗಳೂರಿನ ಆಸ್ಪತ್ರೆಗೆ ಬೇಕಾಗಿದ್ದಕ್ಕಿಂತ ಎಷ್ಟೋ ಹೆಚ್ಚು ಬಂದಿದೆ. ಅದನ್ನು ಏನು ಮಾಡಬೇಕೆಂದು ನನಗೂ ಗೊತ್ತಿಲ್ಲ, ದೊಡ್ಡಮ್ಮನಿಗೂ ಬೇಕಿಲ್ಲ. ಇನ್ನು ಮೇಲೆ ನಾನು ಷೇರು ಕೊಳ್ಳುವುದಿಲ್ಲ, ಯಾರಿಗೂ ಹೇಳಿಕೊಡುವುದೂ ಇಲ್ಲ.

ಅವತ್ತು ಹೆಬ್ಬೆಟ್ಟು ಒತ್ತಿ ನಾವು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಅಜ್ಜಂಪುರ ಹತ್ತಿರವಾದಾಗ ದೊಡ್ಡಮ್ಮ ಮಸಿ ಹತ್ತಿದ ಹೆಬ್ಬೆರಳನ್ನೇ ನೋಡುತ್ತಾ ಕೇಳಿದರು: "ಅಲ್ವೇ ಗಿರಿಜಾ, ಅದ್ರಲ್ಲಿ ಒಂದಿಷ್ಟನ್ನಾದ್ರೂ ಅವ್ರು ಮೊದ್ಲೇ ನನ್ ಹೆಸ್ರಿಗೆ ಮಾಡ್ಸಿದ್ದಿದ್ರೆ, ನಾನು ಅವತ್ತೇ ಒತ್ಬಿಡ್ತಿದ್ನಲ್ಲೇ?"

ನಿಮ್ಮ
ಗಿರಿಜಾ