ನಾಲ್ಕು ಸಾವಿರದ ಭಾನುವಾರ

ಜೂನ್ 2, ಸೋಮವಾರ

ಸಂಬಳ ಬಂತು. ಬಂದದ್ದೇ ತಡ, ಹೊರಟೂ ಹೋಯಿತು. ಬಾಡಿಗೆ, ಕರೆಂಟು, ಮಗಳು ಪುಟ್ಟಿಯ ಓದಿಗೆ ತೆಗೆದ ಸಾಲದ ಕಂತು. ಅಪ್ಪನ ಕೈಗೆ ಎಂಟು ಸಾವಿರ — ಹಾರ್ಟು, ಬಿಪಿ ಮಾತ್ರೆಗಳಿಗೆ. ಔಷಧಿ ಅಂಗಡಿಗೆ ಅವರೇ ಹೋಗಬೇಕು, ಅವರೇ ಎಣಿಸಿ ಕೊಡಬೇಕು. ಎಂಬತ್ತೊಂದು ವರ್ಷಕ್ಕೆ ಉಳಿದಿರುವ ಠೀವಿ ಅದೊಂದೇ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಹಲ್ಲಿನ ಲ್ಯಾಬಿನಲ್ಲಿ ಇವತ್ತು ನಾಲ್ಕು ಸೆಟ್ಟು ಕಟ್ಟುಹಲ್ಲು. ಮೇಣದಲ್ಲಿ ವಸಡು ಕೆತ್ತಿ ಕೆತ್ತಿ ಮಣಿಕಟ್ಟು ಊದಿಕೊಂಡಿದೆ. ಹೊರಡುವಾಗ ಮಾಲೀಕರು, "ಭಾನುವಾರ ಬರ್ತೀರಲ್ಲಾ ಅಕ್ಕಾ?" ಅಂದರು. ಬರದೆ ಏನು ಮಾಡಲಿ? ನಮ್ಮವರು ತೀರಿಕೊಂಡ ಮೇಲೆ ಆರು ವರ್ಷ ಒಂದು ಭಾನುವಾರವನ್ನೂ ಬಿಟ್ಟಿಲ್ಲ. ಒಂದು ಭಾನುವಾರಕ್ಕೆ ಸಾವಿರ ಹೆಚ್ಚು ಸಿಗುತ್ತದೆ.

ಪುಟ್ಟಿಯ ಕೆಲಸ ಹೋಗಿ ಐದು ತಿಂಗಳು. ಇಪ್ಪತ್ತೆಂಟು ವರ್ಷದ ಹುಡುಗಿ, ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾಳೆ. ಹುಟ್ಟಿದ ಮನೆಯಲ್ಲೇ ನೆಂಟರ ಹಾಗೆ. ನೋಡಲಾಗುವುದಿಲ್ಲ.

ಜೂನ್ 19

ಮೇಣ ಕೆತ್ತುವ ಚಾಕು ಕಾಣೆ, ದಿನಾ ನನ್ನ ಚೀಲದಲ್ಲೇ ಇರುವುದು. ಹದಿನೆಂಟು ವರ್ಷ ನನ್ನ ಕೈಗೆ ಪಳಗಿದ್ದು. ಲ್ಯಾಬಿನಲ್ಲಿ ಎಲ್ಲರ ಡ್ರಾಯರ್ ಜಾಲಾಡಿದೆ. ಎಲ್ಲರೂ ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ.

ಜುಲೈ 1, ಮಂಗಳವಾರ, ರಾತ್ರಿ

ನಂಬಲಾಗುತ್ತಿಲ್ಲ. ಪುಟ್ಟಿ ಅಡುಗೆಮನೆಗೆ ಬಂದು ಸಕ್ಕರೆ ಡಬ್ಬದ ಪಕ್ಕ ನಾಲ್ಕು ಸಾವಿರ ಇಟ್ಟಳು.

"ಮನೇಲೇ ಕೂತು ಮಾಡೋ ಡಿಸೈನ್ ಕೆಲಸ ಸಿಕ್ಕಿದೆ ಅಮ್ಮ. ಪ್ರತಿ ತಿಂಗಳು ಇಷ್ಟು ಕೊಡ್ತೀನಿ. ನೀನು ಭಾನುವಾರ ಹೋಗ್ಬೇಡ."

"ಯಾವ ಕಂಪನಿ?"

"ಚಿಕ್ಕದು. ನಿಂಗೆ ಗೊತ್ತಿರಲ್ಲ."

ಇನ್ನೂ ಕೇಳಬೇಕಿತ್ತು. ಆದರೆ ದುಡ್ಡು ಕೊಟ್ಟ ಮೇಲೆ ಅವಳು ಗೋಡೆಗೆ ಒತ್ತಿಕೊಳ್ಳದೆ ನಡುಮನೆಯ ನಡುವೆಯೇ ನಡೆದು ಹೋದಳು. ಸುಮ್ಮನಾದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತೆ. ಖುಷಿಗೇ.

ಜುಲೈ 6, ಭಾನುವಾರ, ಸಂಜೆ 5

ಮಧ್ಯಾಹ್ನ ಎರಡೂವರೆ ಗಂಟೆ ನಿದ್ದೆ! ಎದ್ದಾಗ ಬೆಳಿಗ್ಗೆಯೋ ಸಂಜೆಯೋ ತಿಳಿಯಲಿಲ್ಲ. ನನ್ನಮ್ಮ ಟೀ ತಂದುಕೊಟ್ಟಳು. ಅಪ್ಪ ಬಾಗಿಲಲ್ಲಿ ನಿಂತು ಏನೋ ಗೆದ್ದವರ ಹಾಗೆ ನೋಡುತ್ತಿದ್ದರು. ನನ್ನ ತಲೆ ಕೆದರಿದ್ದಕ್ಕಿರಬೇಕು.

ಆಗಸ್ಟ್ 3, ಭಾನುವಾರ

ಪುಟ್ಟಿ ಈ ತಿಂಗಳೂ ಕೊಟ್ಟಳು, ಮಾತಿಗೆ ತಪ್ಪದೆ. ಇದು ಐದನೇ ಭಾನುವಾರದ ನಿದ್ದೆ. ಮಣಿಕಟ್ಟಿನ ಊತ ಇಳಿದಿದೆ. ಅಪ್ಪನಿಗೆ ಮಾತ್ರ ಮೆಟ್ಟಿಲು ಹತ್ತಿದರೆ ಏದುಸಿರು. "ವಯಸ್ಸಾಯ್ತಲ್ಲ ಮಗಳೇ, ಹೊಸಾ ಎಂಜಿನ್ನಾ ಇದು?" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ.

ಆಗಸ್ಟ್ 12, ಮಂಗಳವಾರ — ಆಸ್ಪತ್ರೆ, ಕಾರಿಡಾರು

ಅಪ್ಪ ಬಚ್ಚಲಲ್ಲಿ ಬಿದ್ದರು. ಬಿಪಿ ಇನ್ನೂರರ ಮೇಲೆ. ಶ್ವಾಸಕೋಶದಲ್ಲಿ ನೀರು. ಡಾಕ್ಟರು ಚಿಕ್ಕ ವಯಸ್ಸಿನವಳು, ನನ್ನನ್ನೇ ದಿಟ್ಟಿಸಿ ಕೇಳಿದಳು: "ಮಾತ್ರೆ ಸರಿಯಾಗಿ ತಗೋತಿದ್ದಾರಾ?"

"ಒಂದು ಹೊತ್ತೂ ತಪ್ಪಿಸಲ್ಲ" ಎಂದೆ. ಎದೆ ತಟ್ಟಿಕೊಂಡು ಹೇಳಿದೆ.

ಆಗಸ್ಟ್ 13

ಅಪ್ಪನ ಬಟ್ಟೆ ತರಲು ಮನೆಗೆ ಬಂದೆ. ದಿಂಬಿನ ಹಿಂದೆ ಒಂದು ತಗಡಿನ ಡಬ್ಬಿ. ತುಂಬ ಅರ್ಧ ಮಾತ್ರೆಗಳು. ಬಿಳಿ, ಗುಲಾಬಿ, ಹಳದಿ, ಎಲ್ಲವೂ ಸರಿಯಾಗಿ ನಡುಮಧ್ಯಕ್ಕೆ ಸೀಳಿದವು, ಒಂದಿಷ್ಟೂ ಪುಡಿಯಾಗದೆ. ಪಕ್ಕದಲ್ಲಿ ನನ್ನ ಮೇಣದ ಚಾಕು.

ಲೇತ್ ಮೆಷಿನ್ನಿನಲ್ಲಿ ಮೂವತ್ತೈದು ವರ್ಷ ದುಡಿದ ಕೈ. ಅಳತೆ ತಪ್ಪುವುದಿಲ್ಲ.

ಅಮ್ಮನ ಮುಂದೆ ಡಬ್ಬಿ ಹಿಡಿದೆ. ಅವಳು ಸೆರಗು ಸುತ್ತಿಕೊಂಡು, "ಮಾತ್ರೆ ನಾನೇ ಹಿಡ್ಕೋತಿದ್ದೆ. ಅವರ ಕೈ ನಡುಗತ್ತಲ್ಲಾ" ಎಂದಳು. ಅಷ್ಟೇ. ತರಕಾರಿ ಹೆಚ್ಚಲು ಕೈ ಜೋಡಿಸಿದವರ ಹಾಗೆ.

ಅಪ್ಪ ಅರ್ಧ ತಿಂಗಳ ಮಾತ್ರೆ ತಂದು ತಿಂಗಳಿಡೀ ನುಂಗುತ್ತಿದ್ದರಂತೆ. ಎಂಟು ಸಾವಿರದಲ್ಲಿ ನಾಲ್ಕು ಉಳಿಯಿತು. ಲೆಕ್ಕ ಮಾಡಲು ಪೆನ್ನು ಬೇಕಾಗಲಿಲ್ಲ.

ಪುಟ್ಟಿ ಬಾಗಿಲಲ್ಲೇ ಕುಸಿದು ಕುಳಿತಳು. "ಅಮ್ಮ, ಹಳೇ ಚೀಟಿ ದುಡ್ಡು ಅಂದ್ರು ತಾತ. ಬ್ಯಾಂಕಲ್ಲಿ ಸುಮ್ನೆ ಬಿದ್ದಿದೆ ಅಂದ್ರು. ಡಿಸೈನ್ ಕೆಲಸ ಅಂತ ಹೇಳು ಅಂತ ಅವರೇ ಹೇಳ್ಕೊಟ್ರು. ನಂಗೂ... ನಿನ್ ಮುಂದೆ ಖಾಲಿ ಕೈಯಲ್ಲಿ ನಿಂತು ನಿಂತು ಸಾಕಾಗಿತ್ತು."

ಬೈಯಲು ಬಾಯಿ ತೆಗೆದೆ. ಬೈಯಲಾಗಲಿಲ್ಲ. ಸಂಬಳದ ದಿನ ನಾನು ಕೊಟ್ಟ ದುಡ್ಡೇ ಅಪ್ಪನಿಂದ ಮೊಮ್ಮಗಳಿಗೆ, ಮೊಮ್ಮಗಳಿಂದ ನನಗೆ. ಮನೆಯೊಳಗೇ ಸುತ್ತು ಹೊಡೆದು ಬಂದಿದೆ. ನಾನು ಅದನ್ನು ಹಾಸಿಕೊಂಡು ನಿದ್ದೆ ಮಾಡಿದ್ದೇನೆ.

ಆಗಸ್ಟ್ 15

ಆಕ್ಸಿಜನ್ ತೆಗೆದಿದ್ದಾರೆ. ಅಪ್ಪ ಮಾತಾಡುತ್ತಾರೆ. ನಾನು ಬೈದೆ — ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ. ಪೂರ್ತಿ ಬೈಸಿಕೊಂಡು ಆಮೇಲೆ ಕೇಳಿದರು:

"ನಾನೇ ಕೊಟ್ಟಿದ್ರೆ ತಗೋತಿದ್ಯಾ?"

"ನಿಮ್ಮ ಜೀವಕ್ಕಿಂತ ನನ್ನ ನಿದ್ದೆ ಹೆಚ್ಚಾ ಅಪ್ಪ?"

"ಒಂದಿನ ಬಾಗಿಲಲ್ಲಿ ನಿಂತು ನೋಡಿದೆ. ಗೊರಕೆ ಹೊಡೀತಿದ್ದೆ. ಸ್ಕೂಲಿಗೆ ಹೋಗ್ತಿದ್ದಾಗ ಹಾಗೆ ಮಲಗ್ತಿದ್ದೆ ನೀನು. ನಿನ್ನಮ್ಮನ್ನ ಕರೆದು ತೋರಿಸ್ದೆ." ಉಸಿರು ತೆಗೆದುಕೊಂಡರು. "ಅರ್ಧ ಸಾಕಾಗತ್ತೆ ಅಂದ್ಕೊಂಡೆ ಮಗಳೇ. ಲೆಕ್ಕ ತಪ್ಪಿತು."

ಹೊರಗೆ ಬಂದು ಲಿಫ್ಟಿನ ಪಕ್ಕ ನಿಂತೆ. ನನಗೆ ಐವತ್ತಾರು. ಯಾರೋ ನನ್ನನ್ನು ಇನ್ನೂ ಮಲಗಿಸಿ ನೋಡುತ್ತಿದ್ದರು ಎಂಬುದು ಗೊತ್ತೇ ಇರಲಿಲ್ಲ. ಸಿಟ್ಟು ಬಂತು, ಅಪ್ಪನ ಮೇಲೆ ಪ್ರೀತಿಯೂ ಉಕ್ಕಿತು. ಯಾವುದು ಮೊದಲು ಬಂತೋ ಹೇಳಲಾರೆ.

ಆಗಸ್ಟ್ 20, ಬುಧವಾರ

ಮನೆಗೆ ಕರೆತಂದೆವು. ಬಿಲ್ಲಿಗೆ ಬ್ಯಾಂಕಿನಲ್ಲಿಟ್ಟ ಡಿಪಾಸಿಟ್ಟಿನ ಅರ್ಧ ಮುರಿಸಿದೆ. ಅದು ನನ್ನ ಮುದಿತನಕ್ಕೆ ಇಟ್ಟದ್ದು. ಮುಂದೆ ಪುಟ್ಟಿಯ ತಲೆ ಮೇಲೆ ಬೀಳಬಾರದು ಎಂದು. ಮಾತ್ರೆಗಳನ್ನು ಈಗ ನಾನೇ ತರುತ್ತೇನೆ, ನಾನೇ ಕೈಗೆ ಹಾಕುತ್ತೇನೆ. ಅಪ್ಪನ ಠೀವಿಗೆ ಪೆಟ್ಟು. ಬೀಳಲಿ.

ಪುಟ್ಟಿ ಹೇಳದೆ ಕೇಳದೆ ಲ್ಯಾಬಿಗೆ ಹೋಗಿ ಮಾಲೀಕರನ್ನು ಕಂಡಿದ್ದಾಳೆ. ಹಲ್ಲಿನ ಅಚ್ಚುಗಳಿಗೆ ಪ್ಲಾಸ್ಟರ್ ಸುರಿಯುವ ಕೆಲಸ. ಡಿಗ್ರಿ ಪಡೆದವಳು. "ಸೋಮವಾರದಿಂದ. ಸಂಬಳ ಮುಂದಿನ ತಿಂಗಳು" ಎಂದಳು. ಉಗುರೆಲ್ಲ ಬಿಳಿಯಾಗುತ್ತದೆ ಕಣೇ ಎಂದೆ. "ಆಗ್ಲಿ ಬಿಡು."

ಅಲ್ಲಿಯವರೆಗೆ ಕೈ ಖಾಲಿ. ಭಾನುವಾರ ಬರುತ್ತೇನೆ ಎಂದು ಮಾಲೀಕರಿಗೆ ಹೇಳಿದ್ದೇನೆ.

ಆಗಸ್ಟ್ 24, ಭಾನುವಾರ, ಬೆಳಿಗ್ಗೆ 7:40

ಹೊರಡಲು ತಯಾರಾಗಿ ಅಪ್ಪನ ಅಂಗೈಗೆ ಮಾತ್ರೆ ಹಾಕಿದೆ. ಇಡೀ ಮಾತ್ರೆ. ನನ್ನ ಚಪ್ಪಲಿ ನೋಡಿದರು.

"ಎಲ್ಲಿಗೆ?"

"ಲ್ಯಾಬಿಗೆ."

ಮಾತ್ರೆಯನ್ನು ಮೇಜಿನ ಮೇಲಿಟ್ಟರು. "ನೀನು ಹೋಗೋದಾದ್ರೆ ನಂಗೆ ಬೇಡ."

7:55

ತುಟಿ ಬಿಗಿದು ಕುಳಿತಿದ್ದಾರೆ. ಗದರಿಸಿದೆ. ಗೋಗರೆದೆ. ಅಮ್ಮ ಮಧ್ಯೆ ಬರುತ್ತಾಳೆಂದು ನೋಡಿದೆ — ಅವಳೂ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಅಪ್ಪ, ಇದಕ್ಕೆ ದುಡ್ಡೆಲ್ಲಿಂದ ತರಲಿ?" ಎಂದೆ. ಅವರ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಇಲ್ಲಿಂದಲೇ ಕಾಣುತ್ತಿದೆ. ಮಾತ್ರೆಯ ಹೊತ್ತು ಎಂಟು ಗಂಟೆ ಎಂದಿದ್ದಾರೆ ಡಾಕ್ಟರು.

8:05

ಮಾಲೀಕರಿಗೆ ಫೋನ್ ಮಾಡಿದೆ. ಇವತ್ತು ಬರುವುದಿಲ್ಲ, ಇನ್ನು ಯಾವ ಭಾನುವಾರವೂ ಇಲ್ಲ ಎಂದೆ. ಡಿಪಾಸಿಟ್ಟಿನಲ್ಲಿ ಉಳಿದದ್ದು ಎಷ್ಟು ತಿಂಗಳು ಬಂದೀತೋ... ಆಮೇಲೆ ನೋಡಿಕೊಂಡರಾಯಿತು. ಚಪ್ಪಲಿ ಬಿಚ್ಚಿ ಅಪ್ಪನ ಎದುರಿಗೆ ಕುಳಿತೆ. ನೀರಿನ ಲೋಟ ನನ್ನ ಎಡಗೈಯಲ್ಲಿ. ನನ್ನ ಬರಿಗಾಲನ್ನೇ ಒಂದು ಗಳಿಗೆ ನೋಡಿದರು. ಈಗ ಬಾಯಿ ತೆರೆಯುತ್ತಿದ್ದಾರೆ, ಪೆನ್ನು ಕೆಳಗಿಡುತ್ತೇನೆ.