ನಮ್ಮನೇಲಿ ಹೀಗೆ ನಂಬ್ತಾರೆ

ಶಾಲೆಯ ಸ್ಟಾಫ್ ರೂಮು, ಊಟದ ಬಿಡುವು
ಬುಧವಾರ, ಸೆಪ್ಟೆಂಬರ್ ೯

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಪದೇ ಪದೇ ಹತ್ತಿಳಿಯಬೇಡ ಎಂದರೆ ನೀನೆಲ್ಲಿ ಕೇಳುತ್ತೀ! ಬಾಣಂತಿಗೆ ನಿದ್ದೆ ಸಿಗುತ್ತಿದೆಯಾ? ಮಗುವಿಗೆ ನಮ್ಮ ಮನೆಯ ಮೂಗೇ ಬಂದಿದೆ ಎಂದು ಕೆಲಸದ ಮೇಲೆ ಇಲ್ಲಿಗೆ ಬಂದಿರುವ ಭಾವ ದೂರುತ್ತಿದ್ದರು. ಪಾಪ, ಅದೇನು ಮಾಡೀತು.

ಇಲ್ಲಿ ಮೂರು ದಿನದಿಂದ ಜೀವ ಕೈಯಲ್ಲಿ ಹಿಡಿದು ಓಡಾಡುತ್ತಿದ್ದೇನೆ. ನನ್ನ ಮೂರನೇ ತರಗತಿಗೆ ಈ ವರ್ಷ ಹೊಸ ಪಾಠ ಬಂದಿದೆ: ಯಾರ ಯಾರ ಮನೆಯಲ್ಲಿ ಏನೇನು ನಂಬುತ್ತಾರೆ ಎಂಬುದು. ನಾನು ಒಂದೇ ನಿಯಮ ಇಟ್ಟಿದ್ದೆ. ‘ನಮ್ಮನೇಲಿ ಹೀಗೆ ನಂಬ್ತಾರೆ’ ಎಂದು ಶುರುಮಾಡಬೇಕು, ಇನ್ನೊಬ್ಬರದು ತಪ್ಪು ಎನ್ನಬಾರದು. ಸೋಮವಾರ ಗಡಿಯಾರ ರಿಪೇರಿಯವರ ಮಗಳು, ನಾವೆಲ್ಲ ಚಿಟ್ಟೆ ಅನ್ನುತ್ತೇವಲ್ಲ, ಅವಳು ಎದ್ದು “ನಮ್ಮನೇಲಿ ದೇವರಿಲ್ಲ ಅಂತಾರೆ ಮಿಸ್, ಸತ್ತ ಮೇಲೆ ಏನೂ ಇರಲ್ಲ ಅಂತಾರೆ” ಎಂದಳು. ಹೋದ ತಿಂಗಳು ಕೆಮ್ಮಿನ ಕಾಯಿಲೆಗೆ ಅಜ್ಜಿಯನ್ನು ಕಳೆದುಕೊಂಡ ಬಸ್ ಡ್ರೈವರ್ ಮಗಳು “ಹಾಗಾದ್ರೆ ನಮ್ಮಜ್ಜಿ ಎಲ್ಲಿ?” ಎಂದು ಬಿಕ್ಕತೊಡಗಿದಳು. ಎತ್ತಿ ಸೊಂಟಕ್ಕಿಟ್ಟುಕೊಂಡೆ, ಎಂಟು ವರ್ಷದವಳನ್ನು.

ಮರುದಿನ ಬೆಳಿಗ್ಗೆ ಆ ಡ್ರೈವರ್ ಆರು ಜನ ಪೋಷಕರನ್ನು ಕರೆದುಕೊಂಡು ಹೆಡ್‌ಮಿಸ್ಟ್ರೆಸ್ ಕೋಣೆಗೇ ನುಗ್ಗಿದರು. ಕುರ್ಚಿ ಸಾಲದೆ ಎಲ್ಲರೂ ನಿಂತೇ ಇದ್ದರು. “ಮಗು ಊಟ ಬಿಟ್ಟಿದೆ. ದೇವರಿಲ್ಲ ಅಂತ ಕಲಿಸೋಕೆ ನೀವ್ಯಾರು?” ಎಂದರು ಡ್ರೈವರ್. ನಾನು ಕಲಿಸಲಿಲ್ಲ, ಒಂದು ಮಗು ತನ್ನ ಮನೆಯ ಮಾತು ಹೇಳಿತು ಎಂದೆ. “ಅದೆಲ್ಲ ಬಿಡಿ. ನೀವೇನು ನಂಬ್ತೀರಿ, ಅದನ್ನ ಹೇಳಿ ಮೊದಲು!” ಹೆಡ್‌ಮಿಸ್ಟ್ರೆಸ್ ಕಣ್ಣಲ್ಲೇ ಬೇಡ ಎಂದರು. ಆದರೂ ಹೇಳಿದೆ. ಇಬ್ಬರು ಅಲ್ಲೇ ನಿಂತು ದೂರು ಬರೆದುಕೊಟ್ಟರು. ಡ್ರೈವರ್ ಮಾತ್ರ ದನಿ ಇಳಿಸಿ, “ನನ್ನ ಮಗಳಿಗೆ ಈಗ ಏನಂತ ಹೇಳ್ಲಿ?” ಎಂದರು. ನೀವು ನಂಬಿದ್ದನ್ನೇ ಹೇಳಿ, ಅವಳು ಬಂದು ತರಗತಿಯಲ್ಲಿ ಹೇಳಲಿ ಎಂದೆ.

ಇವತ್ತು ಅವಳು ಹೇಳಿದಳು. “ನಮ್ಮನೇಲಿ ಹೀಗೆ ನಂಬ್ತಾರೆ, ಅಜ್ಜಿ ದೇವರ ಹತ್ರ ಇದಾರೆ.” ಚಿಟ್ಟೆ ಕೈ ಎತ್ತಿದಳು. “ಅಲ್ಲಿ ನಿಮ್ಮಜ್ಜಿಗೆ ಕೆಮ್ಮು ಬರಲ್ವಾ?” “ಬರಲ್ಲ.” “ಒಳ್ಳೇದಾಯ್ತು ಬಿಡು” ಎಂದು ಚಿಟ್ಟೆ ಕೂತುಕೊಂಡಳು. ಪಾಠ ಮುಂದುವರಿಯುತ್ತದೆ, ದೂರು ತೀರ್ಮಾನವಾಗುವ ತನಕ ಹೆಡ್‌ಮಿಸ್ಟ್ರೆಸ್ ಕೊನೆಯ ಬೆಂಚಿನಲ್ಲಿ ಕೂರುತ್ತಾರಂತೆ.

ಅಕ್ಕನಿಗೆ ನನ್ನ ನೆನಪು ಹೇಳು, ಮಗುವಿನ ಆ ಮೂಗಿಗೊಂದು ಮುತ್ತು ಕೊಡು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಪುಟ್ಟಿ

ಮೇಲೆ ಬಿಟ್ಟಿದ್ದು ಮರೆತಲ್ಲ, ಬರೆಯಲು ಧೈರ್ಯ ಸಾಲದೆ: ಡ್ರೈವರಿಗೆ ನಾನು ಹೇಳಿದ್ದು, “ನನಗೆ ನಂಬಿಕೆ ಇಲ್ಲ. ನಮ್ಮಮ್ಮನಿಗೆ ಇದೆ.” ಆರು ವರ್ಷದಿಂದ ನಿನ್ನ ಪಕ್ಕ ಕಣ್ಣು ಮುಚ್ಚಿ ಕೂತಾಗೆಲ್ಲ ನಾನು ಪ್ರಾರ್ಥಿಸಿದ್ದಿಲ್ಲ, ನಿನ್ನ ಉಸಿರು ಕೇಳುತ್ತಿದ್ದೆ ಅಷ್ಟೆ. ಪಕ್ಕದ ಮನೆ ಟೈಲರಮ್ಮನೂ ಆ ಕೋಣೆಯಲ್ಲಿದ್ದರು, ಭಾನುವಾರ ನಿನಗೆ ಫೋನ್ ಮಾಡುತ್ತಾರೆ. ಅದಕ್ಕೇ ಭಾವ ಅಲ್ಲಿಗೆ ಹೊರಡುವ ಮೊದಲು ಅವರ ಕೈಯಲ್ಲಿ ಈ ಕಾಗದ. ಬೈದು ಬರಿ. ಬರೆಯದೆ ಮಾತ್ರ ಇರಬೇಡ.